ಅಶೋಕದ ಪಕ್ಕ ನಕಲಿ ಅಶೋಕವೂ ಇರಲಿ

ಇಟಲಿಯ ಪಾದುವಾ ಊರಿನ ಔಷಧಿ ತೋಟದ ಸುತ್ತ ಒಂದು ದುಂಡನೆಯ ಗೋಡೆಯಿದೆ. 1552ರಲ್ಲಿ ಕಳ್ಳರ ಕಾಟ ತಾಳಲಾರದೆ ಎಬ್ಬಿಸಿದ ಗೋಡೆ ಅದು. ಮದ್ದಿನ ಗಿಡಕ್ಕೆ ಆಗ ಭಾರೀ ಬೆಲೆ. ದಂಡ, ಸೆರೆ, ಗಡಿಪಾರು ಎಂದು ಹೆದರಿಸಿದರೂ ರಾತ್ರೋರಾತ್ರಿ ಬೇರುಸಮೇತ ಕಿತ್ತೊಯ್ಯುವವರು ನಿಂತಿರಲಿಲ್ಲ.

ವೆನಿಸ್ ಗಣರಾಜ್ಯ 1545ರಲ್ಲಿ ಈ ತೋಟ ಮಾಡಿಸಿದ್ದು ಕಷಾಯ ಕಾಸಲಿಕ್ಕಲ್ಲ, ಗಿಡದ ಗುರುತು ಕಲಿಸಲಿಕ್ಕೆ. ವೈದ್ಯ ವಿದ್ಯಾರ್ಥಿಗಳು ಗ್ರೀಕರ ಹಳೆಯ ಗ್ರಂಥಗಳಲ್ಲಿ ಮೂಲಿಕೆಗಳ ಗುಣ ಓದುತ್ತಿದ್ದರು, ಆದರೆ ಅಂಗಡಿಯವನು ಪೊಟ್ಟಣ ಕಟ್ಟಿ ಕೊಟ್ಟ ಬೇರು ಅದೇ ಗಿಡದ್ದೇ ಎಂದು ಹೇಳಲಾರರು. ಬದುಕಿರುವ ಗಿಡದ ಮುಂದೆ ನಿಂತೇ ಪಾಠ ಆಗಬೇಕು ಎಂದು ಪಟ್ಟು ಹಿಡಿದವರು ಫ್ರಾನ್ಸೆಸ್ಕೊ ಬೊನಾಫೆದೆ ಎಂಬ ಪ್ರಾಧ್ಯಾಪಕರು. 1585ರಲ್ಲಿ ನೆಟ್ಟ ಒಂದು ತಾಳೆ ಅಲ್ಲಿ ಇನ್ನೂ ಇದೆ. 1786ರಲ್ಲಿ ಜರ್ಮನ್ ಕವಿ ಗಯಟೆ ಅದನ್ನು ನೋಡಿ, ಎಲೆ ಬೆಳೆಯುವ ಬಗೆಯ ಬಗ್ಗೆ ತಲೆ ಕೆಡಿಸಿಕೊಂಡಿದ್ದ.

ನಮ್ಮಲ್ಲೂ ಈಗ ಪಾರ್ಕಿನ ಒಂದು ಮೂಲೆಗೆ ಬೇಲಿ ಹಾಕಿ ‘ಔಷಧಿವನ’ ಎಂದು ಹೆಸರಿಡುವುದು ರೂಢಿ. ಸಂತೋಷವೇ. ಆದರೆ ಗಿಡದ ಬುಡದಲ್ಲಿ ನೆಟ್ಟ ತಗಡಿನ ಫಲಕ ಓದಿದರೆ ಕಸಿವಿಸಿಯಾಗುತ್ತದೆ. ಕೆಮ್ಮು, ಸಕ್ಕರೆ ಕಾಯಿಲೆ, ಮೂಲವ್ಯಾಧಿ ಎಂದು ರೋಗಗಳ ಪಟ್ಟಿ ಉದ್ದಕ್ಕಿರುತ್ತದೆ. ಗಿಡವನ್ನು ಗುರುತು ಹಿಡಿಯುವುದು ಹೇಗೆ ಎಂಬ ಒಂದು ಸಾಲೂ ಇರುವುದಿಲ್ಲ. ವಾಕಿಂಗಿಗೆ ಬಂದವರು ನಾಲ್ಕು ಎಲೆ ಚಿವುಟಿ ಬಾಯಿಗೆ ಹಾಕಿಕೊಳ್ಳುವುದಕ್ಕೆ ಅಷ್ಟೇ ಸಾಕು.

ಅಶೋಕವನ್ನೇ ನೋಡಿ. ಕಾಂಪೌಂಡಿನುದ್ದಕ್ಕೂ ಕಂಬದ ಹಾಗೆ ನೆಟ್ಟಗೆ ಬೆಳೆಯುವ, ಅಂಚು ಅಲೆಯಲೆಯಾದ ಎಲೆಯ ಮರವನ್ನು ನಾವೆಲ್ಲ ಅಶೋಕ ಎಂದೇ ಕರೆಯುತ್ತೇವೆ. ಆಯುರ್ವೇದದ ಅಶೋಕ ಅದಲ್ಲ, ಸೀತಾ ಅಶೋಕ. ಅದರ ಒಂದೇ ಎಲೆದಂಟಿನಲ್ಲಿ ಹಲವು ಜೊತೆ ಎಲೆಗಳಿರುತ್ತವೆ. ಚಿಗುರು ತಾಮ್ರಬಣ್ಣದ್ದು, ಬಾಡಿದಂತೆ ಗೊಂಚಲಾಗಿ ಜೋತುಬಿದ್ದಿರುತ್ತದೆ. ಚಳಿ ಮುಗಿಯುವ ಹೊತ್ತಿಗೆ ಕೊಂಬೆಗಳಿಗೆ, ಕೆಲವೊಮ್ಮೆ ಕಾಂಡಕ್ಕೇ ಅಂಟಿಕೊಂಡಂತೆ ಕಿತ್ತಳೆ ಹೂ ಬಿಟ್ಟು, ದಿನ ಕಳೆದಂತೆ ಕೆಂಪಾಗುತ್ತದೆ. ಮದ್ದಿಗೆ ಬೇಕಾದದ್ದು ತೊಗಟೆ. ಒಣಗಿ ಚೂರಾದ ತೊಗಟೆಯಲ್ಲಿ ಎಲೆ, ಹೂವಿನ ಸುಳಿವು ಎಲ್ಲಿಂದ ಬರಬೇಕು? ಗ್ರಂದಿಗೆ ಅಂಗಡಿಗೆ ಕಂಬದ ಅಶೋಕದ ತೊಗಟೆ ನುಸುಳುವುದು ಹಳೆಯ ಕಥೆ. ಅಸಲಿ ಮರವಂತೂ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿ ಸೇರಿದೆ.

ಅಮೃತಬಳ್ಳಿಯ ತಕರಾರು ಇನ್ನೂ ಹಸಿಯಾಗಿದೆ. ಕೋವಿಡ್ ಕಾಲದಲ್ಲಿ ಅದರ ಕಷಾಯ ಕುಡಿದ ಕೆಲವರ ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದಿದೆ ಎಂದು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ; ಅವರು ಕುಡಿದದ್ದು ಅದೇ ಕುಲದ ಬೇರೆ ಬಳ್ಳಿ ಇದ್ದೀತು ಎಂದಿತು. ಆ ಇನ್ನೊಂದರ ಕಾಂಡದ ತುಂಬ ಗುಳ್ಳೆಗಳಂಥ ಗಂಟು, ಮುರಿದರೆ ಹಾಲಿನಂಥ ರಸ. ಅಸಲಿ ಬಳ್ಳಿಗೆ ಇವೆರಡೂ ಇಲ್ಲ ಎಂದು ವ್ಯತ್ಯಾಸವನ್ನೂ ಹೇಳಿತು. ಯಾರ ವಾದ ಸರಿಯೋ, ವೈದ್ಯರೇ ಬಗೆಹರಿಸಿಕೊಳ್ಳಲಿ. ಈ ಎರಡೂ ಬಳ್ಳಿಗಳನ್ನು ಒಂದೇ ಚಪ್ಪರಕ್ಕೆ ಹಬ್ಬಿಸಿ, ಕೈಯಲ್ಲಿ ಮುಟ್ಟಿ ನೋಡಲು ಬಿಡುವ ಪಾರ್ಕು ನಮಗೆ ಬೇಕು.

ಹಾಗೆಂದು ಪಾರ್ಕು ಕಾಡಿನ ಕೆಲಸ ಮಾಡಲಾರದು. ಬೆಂಗಳೂರಿನಲ್ಲಿ 1993ರಲ್ಲಿ ಶುರುವಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ ಸಾವನದುರ್ಗದಂಥ ಕಾಡುಗಳಲ್ಲೇ ಮೂಲಿಕೆಗಳಿಗೆಂದು ಜಾಗ ಕಾಯ್ದಿರಿಸಿದ್ದು ಅದಕ್ಕೇ. ಹತ್ತು ಗಿಡ ಕುಂಡದಲ್ಲಿ ಬದುಕಿದ ಮಾತ್ರಕ್ಕೆ ಪ್ರಭೇದ ಉಳಿದಂತಲ್ಲ.

ಪಾರ್ಕಿನಿಂದ ಆಗಬಹುದಾದ ಇನ್ನೊಂದು ಕೆಲಸವಿದೆ. ಅಮೃತಬಳ್ಳಿ ಗೇಣುದ್ದದ ತುಂಡಿನಿಂದಲೂ ಚಿಗುರುತ್ತದೆ. ಮಳೆಗಾಲ ಹಿಡಿದ ಮೇಲೆ, ಗುರುತು ಬಲ್ಲ ಮಾಲಿಯ ಕೈಯಿಂದಲೇ ಕತ್ತರಿಸಿ, ಕೇಳಿದವರಿಗೆ ಒಂದೊಂದು ತುಂಡು ಕೊಟ್ಟರೆ ಕಳ್ಳರಿಗೆ ಕದಿಯುವ ತೊಂದರೆಯೂ ತಪ್ಪುತ್ತದೆ.