ಕೊಡುವ ಕೈಗೆ ವಿವೇಕ

ಊರಿನಿಂದ ಬಂದ ಬಂಧುವೊಬ್ಬ ಡೊಂಬಿವಲಿಯ ನಮ್ಮ ಎರಡು ಕೋಣೆಯ ಬಿಡಾರದಲ್ಲಿ ಇಳಿದುಕೊಂಡು, ತಿಂಗಳು ತಿಂಗಳೂ ಕೈಸಾಲ ಕೇಳತೊಡಗಿದ. ಇಲ್ಲವೆಂದರೆ ಕರುಣೆಯಿಲ್ಲದವರಾಗುತ್ತೇವೆ, ಕೊಡುತ್ತಲೇ ಹೋದರೆ ಅವನನ್ನು ಕೆಡಿಸಿದವರಾಗುತ್ತೇವೆ. ಹತ್ತು ಆಜ್ಞೆಗಳಲ್ಲಿ ಇದಕ್ಕೆ ನೇರವಾದ ಉತ್ತರವಿಲ್ಲ. ವಿವೇಕ ಸಾಲದವರು ದೇವರಲ್ಲಿ ಬೇಡಬಹುದೆಂಬ ಭರವಸೆ ಯಾಕೋಬನ ಪತ್ರಿಕೆಯಲ್ಲಿದೆ. ಆದರೆ ಬೇಡಿದ ಮೇಲೆ ಹಿರಿಯರು ನಡೆದ ದಾರಿಯನ್ನೂ ನೋಡಬೇಕಷ್ಟೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೂ ಇಂಥದೇ ಪ್ರಶ್ನೆ ಎದುರಾಗಿತ್ತು. ಕ್ರೈಸ್ತರಾದವರಲ್ಲಿ ಅನೇಕರು ಮನೆಯನ್ನೂ ಕಸುಬನ್ನೂ ಕಳೆದುಕೊಂಡಿದ್ದರು. ಅವರಿಗೆ ಎಷ್ಟು ದಿನ ಅನ್ನ ಹಾಕುವುದು? ಮಿಷನ್ನಿನವರು ನೇಯ್ಗೆ ಕಲಿಸಿದರು. 1865ರಲ್ಲಿ ಪ್ಲೆಬ್‌ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚು ಹೆಸರಾಯಿತು. ಕೈಯೊಡ್ಡಬೇಕಾಗಿದ್ದವರು ದುಡಿದು ಉಂಡರು.

ನಾವೂ ಕೈಸಾಲ ನಿಲ್ಲಿಸಿದೆವು. ಊಟ ನಮ್ಮಲ್ಲೇ ಇರಲೆಂದು ಹೇಳಿ, ಕಲ್ಯಾಣದಲ್ಲಿ ವಯರಿಂಗ್ ಕಲಿಯಲು ಅವನ ಶುಲ್ಕ ಕಟ್ಟಿದೆವು. ಎರಡು ತಿಂಗಳು ಅವನು ನಮ್ಮೊಡನೆ ಮುಖಕೊಟ್ಟು ಮಾತಾಡಲಿಲ್ಲ. ಮೊನ್ನೆ ನಮ್ಮ ಅಡಿಗೆಮನೆಯ ಕೆಟ್ಟ ಸ್ವಿಚ್ಚನ್ನು ತಾನಾಗಿಯೇ ಸರಿಪಡಿಸಿದ.

ವಾಚಕರೇ, ನಾವು ಮಾಡಿದ್ದೇ ಸರಿಯೆಂಬ ಹೆಮ್ಮೆ ನಮಗಿಲ್ಲ. ರಾತ್ರಿಯ ಪ್ರಾರ್ಥನೆಯಲ್ಲಿ ವಿವೇಕವನ್ನು ಈಗಲೂ ಬೇಡುತ್ತಿದ್ದೇವೆ.