ಒಂದು ಚಿತ್ರಕ್ಕೆ ಮೂರು ಕ್ಲಿಕ್ಕು

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಹೊರಟರೆ, ಕೆ.ಜಿ.ಎಫ್. ಹತ್ತಿರವಾದಂತೆ ಸೈನೈಡ್ ಗುಡ್ಡಗಳು ಕಾಣತೊಡಗುತ್ತವೆ. ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಹುಡಿಯ ರಾಶಿಗಳಿವು. ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕೋರೈಸುತ್ತವೆ.

ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಅಲ್ಲಿ ದುಡಿದ ತನ್ನ ತಾತನ ಚಿತ್ರವನ್ನು ವಿದ್ಯಾರ್ಥಿನಿಯೊಬ್ಬಳು ತೆಗೆದು ತಂದಿದ್ದಳು. ಲೈನ್ ಮನೆಯೊಳಗೆ ಬಾಗಿಲ ಪಕ್ಕ ತಾತ, ಬಾಗಿಲಾಚೆ ಗುಡ್ಡ. ಗುಡ್ಡ ಚೆನ್ನಾಗಿ ಬಂದಿತ್ತು, ತಾತನ ಮುಖ ಕಪ್ಪಾಗಿತ್ತು. ಇನ್ನೊಂದರಲ್ಲಿ ಮುಖ ಬಂದಿತ್ತು, ಗುಡ್ಡವೇ ಮಾಯ! ‘ನಾನು ನೋಡಿದಾಗ ಎರಡೂ ಕಾಣುತ್ತಿತ್ತಲ್ಲ ಸಾರ್?’ ಎಂದಳು.

ಒಳ್ಳೆಯ ಪ್ರಶ್ನೆ. ನಮ್ಮ ಕಣ್ಣು ಬಿಸಿಲಿಗೂ ನೆರಳಿಗೂ ಬೇರೆ ಬೇರೆಯಾಗಿ ಹೊಂದಿಕೊಳ್ಳುತ್ತದೆ. ಮಿದುಳು ಎಲ್ಲವನ್ನೂ ಸೇರಿಸಿ ಒಂದೇ ನೋಟವಾಗಿಸುತ್ತದೆ. ಕ್ಯಾಮೆರಾದ ಸಂವೇದಕದಲ್ಲಿರುವ ಕಣಗಳಾದರೋ ಮಳೆಯಲ್ಲಿಟ್ಟ ಲೋಟಗಳಿದ್ದಂತೆ. ಬೆಳಕು ಹೆಚ್ಚಾದರೆ ಲೋಟ ತುಂಬಿ ಚೆಲ್ಲುತ್ತದೆ, ಅಲ್ಲಿ ಬರೀ ಬಿಳಿ. ತೀರಾ ಕಡಿಮೆಯಾದರೆ ತಳವೂ ನೆನೆಯುವುದಿಲ್ಲ, ಬರೀ ಕಪ್ಪು.

ಇದಕ್ಕೆ ಉಪಾಯವುಂಟು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಿ. ಅಪರ್ಚರ್ ಬದಲಿಸದೆ, ಸೆಕೆಂಡಿನ 1/1000, 1/125, 1/15 ಭಾಗದಷ್ಟು ಹೊತ್ತು ಬೆಳಕು ಬಿಟ್ಟು ಮೂರು ಚಿತ್ರ ತೆಗೆಯಿರಿ. ಪ್ರತಿ ಸಲವೂ ಬೆಳಕು ಹಿಂದಿನದಕ್ಕಿಂತ ಸುಮಾರು 8 ಪಟ್ಟು. ಮೊದಲನೆಯದರಲ್ಲಿ ಗುಡ್ಡ ಉಳಿಯುತ್ತದೆ, ಕೊನೆಯದರಲ್ಲಿ ಮುಖ. ಕಂಪ್ಯೂಟರು ತುಂಬಿ ಚೆಲ್ಲಿದ ಹಾಗೂ ಬರಿದಾದ ಲೋಟಗಳನ್ನು ಬಿಟ್ಟು, ಉಳಿದವುಗಳ ಅಳತೆಯನ್ನು ಬೆಳಕು ಬಿಟ್ಟ ಅವಧಿಯಿಂದ ಭಾಗಿಸಿ, ಎಲ್ಲಿ ಎಷ್ಟು ಬೆಳಕಿತ್ತೆಂದು ಲೆಕ್ಕ ಹಾಕುತ್ತದೆ. ಬಳಿಕ ಅದನ್ನು ಪರದೆಯಲ್ಲಿ ಹಿಡಿಸುವಷ್ಟಕ್ಕೆ ಕುಗ್ಗಿಸುತ್ತದೆ.

ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಒಂದೇ ಚಿತ್ರವಾಗಿ ಅಚ್ಚು ಹಾಕಿದ್ದ. ಇಂತಹ ಲೆಕ್ಕಕ್ಕೆ ಹೆಸರಾದ ವಿಧಾನವೊಂದನ್ನು 1997ರಲ್ಲಿ ಪ್ರಕಟಿಸಿದವರು ಪಾಲ್ ಡೆಬೆವೆಕ್ ಮತ್ತು ಕಾನ್ಪುರ ಐಐಟಿಯಲ್ಲಿ ಓದಿದ ಜಿತೇಂದ್ರ ಮಲಿಕ್. ಇಂದು ಎಚ್.ಡಿ.ಆರ್. ಎಂಬ ಹೆಸರಿನಲ್ಲಿ ಮೊಬೈಲುಗಳೇ ಈ ಕೆಲಸ ಮಾಡುತ್ತವೆ.

ಒಂದೇ ತೊಡಕು: ಯಾರೂ ಅಲುಗಬಾರದು. ಹುಡುಗಿ ಮತ್ತೆ ಪ್ರಯತ್ನಿಸಿದಾಗ ತಾತನಿಗೆ ಕೆಮ್ಮು ಬಂದು ಮುಖ ಎರಡಾಯಿತು. ಗಣಿಯ ದೂಳು ಕುಡಿದ ಎದೆ, ಹೇಳಿದಂತೆ ಕೇಳೀತೇ? ಅವಳು ಕಾದು, ಕೆಮ್ಮು ನಿಂತ ಮೇಲೆ ಮತ್ತೆ ಮೂರು ಕ್ಲಿಕ್ಕಿಸಿದಳು. ಈಗ ಗುಡ್ಡವೂ ಇದೆ, ಅದನ್ನು ರಾಶಿ ಹಾಕಿದವರಲ್ಲಿ ಒಬ್ಬನ ಮುಖವೂ ಇದೆ.

ನಿಮ್ಮ ಮನೆಯಲ್ಲೂ ಹಿರಿಯರಿದ್ದಾರಲ್ಲ? ಈ ಭಾನುವಾರವೇ ಬಾಗಿಲ ಬಳಿ ಕೂರಿಸಿ ನೋಡಿ.