ಬಾಟಲಿ ಸಿಡಿಯದಂತೆ ಮನೆಯಲ್ಲೇ ದ್ರಾಕ್ಷಿ ರಸ

ನಾನು ಮೊದಲ ಸಲ ಮಾಡಿದ ದ್ರಾಕ್ಷಿ ರಸ ನಾಲ್ಕನೇ ದಿನ ರಾತ್ರಿ ಸಿಡಿಯಿತು. ಮೇಲುಕೋಟೆಯ ನಮ್ಮನೆ ಅಡುಗೆಕೋಣೆ ತುಂಬಾ ಗಾಜಿನ ಚೂರು. ಪುಣ್ಯಕ್ಕೆ ಆಗ ಅಲ್ಲಿ ಯಾರೂ ಇರಲಿಲ್ಲ. ತೋಟಗಾರಿಕೆ ಪದವಿ ಓದಿದ್ದೀನಿ ಅನ್ನೋ ಜಂಬ ಅವತ್ತೇ ಇಳೀತು. ಮಾಡಿದ್ದ ತಪ್ಪು ಒಂದೇ: ರಸ ಕುದಿಸಿ, ಪೂರ್ತಿ ಆರಿದ ಮೇಲೆ ಬಾಟಲಿಗೆ ತುಂಬಿದ್ದೆ.

ಹಣ್ಣಿನ ಸಿಪ್ಪೆ, ಪಾತ್ರೆ, ಬಾಟಲಿ ಎಲ್ಲದರ ಮೇಲೂ ಯೀಸ್ಟ್ ಇರುತ್ತೆ. ಆರಿದ ರಸಕ್ಕೆ ಅದು ಸೇರಿದರೆ ಸಕ್ಕರೆ ತಿಂದು ಮದ್ಯಸಾರ ಮತ್ತು ಗ್ಯಾಸ್ ಮಾಡುತ್ತೆ. ಮುಚ್ಚಿದ ಬಾಟಲಿಯಲ್ಲಿ ಗ್ಯಾಸ್ ಹೋಗೋಕೆ ದಾರಿ ಇಲ್ಲ. 1869ರಲ್ಲೇ ಅಮೆರಿಕದ ಥಾಮಸ್ ವೆಲ್ಚ್ ಇದಕ್ಕೆ ಉಪಾಯ ಕಂಡುಕೊಂಡರು: ಬಾಟಲಿಗೆ ತುಂಬಿದ ರಸವನ್ನೇ ಬಿಸಿನೀರಲ್ಲಿ ಕಾಯಿಸೋದು. ಇವತ್ತಿಗೂ ಅದೇ ದಾರಿ.

ರಸಕ್ಕೆ ಬೆಂಗಳೂರು ಬ್ಲೂ ಒಳ್ಳೇದು. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಕಡೆ ಬೆಳೆಯೋ ಈ ತಳಿಗೆ ಬಣ್ಣ, ಘಮ, ಹುಳಿ ಮೂರೂ ಇದೆ. ಹಿತ್ತಲ ಚಪ್ಪರದ ಹಣ್ಣಾದರೂ ಸರಿ.

ಮಾಡುವ ವಿಧಾನ

1. ಕೊಳೆತ, ಒಡೆದ ಹಣ್ಣು ತೆಗೆದು, ಉಳಿದದ್ದನ್ನು ತೊಳೆದು ತೊಟ್ಟು ಬಿಡಿಸಿ. 10 ಕಿಲೋ ಹಣ್ಣಿಗೆ ಸುಮಾರು 5ರಿಂದ 6 ಲೀಟರ್ ರಸ ಸಿಗುತ್ತೆ.

2. ಸ್ಟೀಲ್ ಪಾತ್ರೆಯಲ್ಲಿ ಹಣ್ಣನ್ನು ಕೈಯಲ್ಲಿ ಹಿಸುಕಿ, 60–65 ಡಿಗ್ರಿಗೆ 10 ನಿಮಿಷ ಬಿಸಿ ಮಾಡಿ. ಸಿಪ್ಪೆಯ ಬಣ್ಣ ರಸಕ್ಕೆ ಇಳಿಯುತ್ತೆ. ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತೆ. ಮಿಕ್ಸಿಗೂ ಹಾಕಬೇಡಿ, ಬೀಜ ಒಡೆದರೆ ಒಗರು ಬರುತ್ತೆ.

3. ತೆಳು ಬಟ್ಟೆಯಲ್ಲಿ ಸೋಸಿ, ಒಂದೆರಡು ದಿನ ಫ್ರಿಜ್‌ನಲ್ಲಿಡಿ. ತಳದಲ್ಲಿ ಮರಳಿನಂಥ ಹರಳು ಕೂರುತ್ತೆ. ಅದು ದ್ರಾಕ್ಷಿಯದೇ ಹುಳಿ, ವಿಷ ಅಲ್ಲ. ಅಲುಗಾಡಿಸದೆ ಮೇಲಿನ ತಿಳಿ ಬಗ್ಗಿಸಿಕೊಳ್ಳಿ.

4. ತಿಳಿ ರಸವನ್ನು 85 ಡಿಗ್ರಿಗೆ ಕಾಯಿಸಿ. ಬಿಸಿನೀರಲ್ಲಿ ಕುದಿಸಿಟ್ಟ ದಪ್ಪ ಗಾಜಿನ ಬಾಟಲಿಗೆ ಬಿಸಿಬಿಸಿಯಾಗೇ ತುಂಬಿ, ಬಾಯಿಂದ ಒಂದು ಇಂಚು ಖಾಲಿ ಬಿಡಿ. ಹೊಸ ಮುಚ್ಚಳವನ್ನೇ ಹಾಕಿ.

5. ದೊಡ್ಡ ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಬಾಟಲಿ ಮುಳುಗುವಷ್ಟು ಬಿಸಿನೀರಲ್ಲಿಟ್ಟು, ನೀರು ಕುದಿಯೋಕೆ ಶುರುವಾದ ಮೇಲೆ 10 ನಿಮಿಷ ಕಾಯಿಸಿ. ಸಮುದ್ರಮಟ್ಟದ ಊರಿಗೆ 5 ನಿಮಿಷ ಸಾಕು. ಮೇಲುಕೋಟೆ 3,000 ಅಡಿಗೂ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಅದಕ್ಕೇ ಹೆಚ್ಚು ಹೊತ್ತು.

6. ಹೊರಗೆ ತೆಗೆದು ಬಟ್ಟೆ ಮೇಲಿಡಿ. ತಣ್ಣನೆ ಕಲ್ಲಿನ ಮೇಲಿಟ್ಟರೆ ಗಾಜು ಸೀಳುತ್ತೆ.

ಹೀಗೆ ಮಾಡಿದರೆ ಸಕ್ಕರೆಯೂ ಬೇಡ, ಪ್ರಿಸರ್ವೇಟಿವ್ ಕೂಡ ಬೇಡ. ಕತ್ತಲಿರೋ ತಂಪು ಜಾಗದಲ್ಲಿ ತಿಂಗಳುಗಟ್ಟಲೆ ಇರುತ್ತೆ. ಬಾಟಲಿ ತೆಗೆದ ಮೇಲೆ ಮಾತ್ರ ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದಲ್ಲಿ ಕುಡಿದು ಮುಗಿಸಿ. ಮುಚ್ಚಳ ಉಬ್ಬಿದ್ದರೆ, ನೊರೆ ಬಂದಿದ್ದರೆ ರುಚಿ ಕೂಡ ನೋಡಬೇಡಿ, ಚೆಲ್ಲಿಬಿಡಿ.

ಮಳೆ ಹಿಡಿದು ರೇಟ್ ಬಿದ್ದಾಗ ಬಂದಷ್ಟಕ್ಕೆ ಕೊಡೋ ಹಣ್ಣನ್ನು ಹೀಗೆ ಉಳಿಸಿಕೊಳ್ಳಬಹುದು. ಆದರೆ ಮಾರೋದಾದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ, ಫೋನ್‌ನಲ್ಲೇ ಅರ್ಜಿ ಹಾಕಬಹುದು. ತರಬೇತಿ ಬೇಕಂದ್ರೆ ಮೈಸೂರಿನ ಸಿಎಫ್‌ಟಿಆರ್‌ಐ ಹತ್ತಿರದಲ್ಲೇ ಇದೆ. ಮೊದಲು ಮನೆಗೆ ಅಂತ ನಾಲ್ಕು ಬಾಟಲಿ ಮಾಡಿ, ಒಂದು ತಿಂಗಳು ಇಟ್ಟು ನೋಡಿ. ಒಂದು ಥರ್ಮಾಮೀಟರ್ ಮಾತ್ರ ತಗೊಳ್ಳಿ. ಕೈ ಅಂದಾಜು ನನಗೆ ಒಂದು ಸಲ ಕೈಕೊಟ್ಟಿದೆ, ನಿಮಗೆ ಬೇಡ.